ಪ್ಯಾರಿಸ್ ನಗರದ ಲುಟೇಷಿಯಾ ವಸತಿಗೃಹ

ಅರಮನೆಗಳಿಗೂ ದುರ್ಗಗಳಿಗೂ ದೇವಾಲಯಗಳಿಗೂ ಚರಿತ್ರೆಯುಂಟೆಂಬುದನ್ನು ಎಲ್ಲರೂ ಬಲ್ಲರು. ಹಣ ತೆತ್ತು ಒಂದೆರಡು ರಾತ್ರಿ ತಂಗಿ, ಬೆಳಗಾದೊಡನೆ ಗಂಟು ಕಟ್ಟಿಕೊಂಡು ಹೊರಟುಹೋಗುವ ವಸತಿಗೃಹಕ್ಕೆ ಚರಿತ್ರೆ ಎಲ್ಲಿಂದ ಬರಬೇಕೆಂದು ಕೆಲವರಿಗೆ ತೋರಬಹುದು. ಅಲ್ಲಿ ಯಾರೂ ನೆಲೆಸುವುದಿಲ್ಲ. ನಿನ್ನೆ ಒಬ್ಬನು ಮಲಗಿದ್ದ ಹಾಸಿಗೆಯ ಮೇಲೆ ಇಂದು ಮತ್ತೊಬ್ಬನು ಮಲಗುವನು. ಆದರೂ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಯೂರೋಪು ಖಂಡವನ್ನು ನಡುಗಿಸಿದ ಎರಡು ಮಹಾಯುದ್ಧಗಳು ಅಲ್ಲಿಯ ದೊಡ್ಡ ವಸತಿಗೃಹಗಳ ಬಾಗಿಲನ್ನು ತಟ್ಟದೆ ಬಿಡಲಿಲ್ಲ. ಇದಕ್ಕೆ ಕಾರಣವು ಸುಲಭವಾಗಿ ತಿಳಿಯತಕ್ಕದ್ದು. ನೂರಾರು ಹಾಸಿಗೆಗಳು, ವಿಶಾಲವಾದ ಅಡಿಗೆಮನೆ, ಬಿಸಿನೀರು, ದೂರವಾಣಿ, ನುರಿತ ಪರಿಚಾರಕರು, ಇವೆಲ್ಲವೂ ಒಂದೇ ಸೂರಿನ ಕೆಳಗೆ ಸಿದ್ಧವಾಗಿ ದೊರೆಯುವುದು ಬೇರೆ ಎಲ್ಲಿ? ಆದಕಾರಣ ಗೆದ್ದ ಸೈನ್ಯವು ಮೊದಲು ಹಿಡಿಯುತ್ತಿದ್ದುದೂ ಅದನ್ನೇ, ನೊಂದವರಿಗೆ ಆಶ್ರಯ ಬೇಕಾದಾಗ ಸರ್ಕಾರದ ಕಣ್ಣು ಬೀಳುತ್ತಿದ್ದುದೂ ಅದರ ಮೇಲೆಯೇ. ಪ್ಯಾರಿಸ್ ನಗರದ ಲುಟೇಷಿಯಾ ಎಂಬ ಭವನವು ಈ ಎರಡು ಬಗೆಯ ತಂಗುವವರನ್ನೂ ಐದೇ ವರ್ಷಗಳ ಅವಧಿಯಲ್ಲಿ ಕಂಡಿತು.

ಸೇನ್ ನದಿಯು ಪ್ಯಾರಿಸ್ ನಗರವನ್ನು ಎರಡಾಗಿ ವಿಭಾಗಿಸಿ ಹರಿಯುತ್ತದೆ. ಬಲದಡದಲ್ಲಿ ಅರಮನೆಗಳು, ವರ್ತಕರ ಕೋಠಿಗಳು, ಧನಿಕರ ವಸತಿಗೃಹಗಳು. ಎಡದಡದಲ್ಲಿ ವಿದ್ಯಾಪೀಠಗಳು, ಪುಸ್ತಕದಂಗಡಿಗಳು, ಚಿತ್ರಕಾರರ ಮತ್ತು ವಿದ್ಯಾರ್ಥಿಗಳ ಬಿಡಾರಗಳು. ಇದು ಆ ನಗರದ ಹಳೆಯ ರೂಢಿ. ಲುಟೇಷಿಯಾ ನಿಂತಿರುವುದು ಎಡದಡದಲ್ಲಿ, ರಾಸ್ಪಾಯ್ ರಾಜಮಾರ್ಗವೂ ಸೇವ್ರ್ ಬೀದಿಯೂ ಕೂಡುವೆಡೆಯಲ್ಲಿ. ರೋಮನರ ಕಾಲದಲ್ಲಿ ಪ್ಯಾರಿಸ್ ಪಟ್ಟಣಕ್ಕಿದ್ದ ಹೆಸರೇ ಲುಟೇಷಿಯಾ. ಜೂಲಿಯಸ್ ಸೀಸರನು ತನ್ನ ಯುದ್ಧವೃತ್ತಾಂತದಲ್ಲಿ ಇದನ್ನು ಉಲ್ಲೇಖಿಸಿದ್ದಾನೆ. ಪ್ಯಾರಿಸ್ ನಗರದ ಲಾಂಛನವು ಒಂದು ಹಡಗು. ತೆರೆಗಳ ಹೊಡೆತಕ್ಕೆ ತೂಗಾಡಿದರೂ ಮುಳುಗದು ಎಂಬುದು ಅದರ ಧ್ಯೇಯವಾಕ್ಯದ ತಾತ್ಪರ್ಯ. ಹೆಸರಿನೊಡನೆ ಆ ಹಡಗನ್ನೂ ಈ ವಸತಿಗೃಹವು ತನ್ನ ಗುರುತಾಗಿ ತೆಗೆದುಕೊಂಡಿತು.

ಈ ಭವನದ ಮೂಲವು ಒಂದು ಬಟ್ಟೆಯ ಮಳಿಗೆ. ನಾರ್ಮಂಡಿ ಪ್ರಾಂತದ ಟೋಪಿ ಮಾಡುವವನೊಬ್ಬನ ಮಗನಾದ ಅರಿಸ್ತಿದ್ ಬೂಸಿಕೋ ಎಂಬವನು ೧೮೫೨ರಲ್ಲಿ 'ಬೋಂ ಮಾರ್ಶೆ' ಎಂಬ ಚಿಕ್ಕ ಮಳಿಗೆಗೆ ಪಾಲುದಾರನಾಗಿ ಸೇರಿದನು. ಗಿರಾಕಿಯ ಮುಖ ನೋಡಿ ಬೆಲೆ ಹೇಳುವುದು, ಚೌಕಾಸಿಯಲ್ಲಿ ಹೊತ್ತು ಕಳೆಯುವುದು ಆಗಿನ ವ್ಯಾಪಾರದ ಕ್ರಮವಾಗಿತ್ತು. ಬೂಸಿಕೋ ಅದನ್ನು ಬದಲಿಸಿದನು. ಪ್ರತಿಯೊಂದು ಸರಕಿನ ಮೇಲೂ ಬೆಲೆಯನ್ನು ಬರೆದಿಟ್ಟನು. ಕೊಳ್ಳದವರೂ ಒಳಹೊಕ್ಕು ನೋಡಿಹೋಗಬಹುದೆಂದನು. ಒಗ್ಗದ ಸರಕನ್ನು ಹಿಂದಕ್ಕೆ ತಂದರೆ ಹಣವನ್ನು ಮರಳಿ ಕೊಟ್ಟನು. ಸ್ವಲ್ಪ ಲಾಭ, ಬಹಳ ವ್ಯಾಪಾರ ಎಂಬುದೇ ಅವನ ಸೂತ್ರ. ಮಳಿಗೆಯು ಒಂದು ಬೀದಿಯನ್ನೇ ಆವರಿಸುವಷ್ಟು ಬೆಳೆಯಿತು. ೧೮೭೭ರಲ್ಲಿ ಅವನು ತೀರಿಕೊಂಡ ಮೇಲೆ, ಕಡುಬಡತನದಲ್ಲಿ ಹುಟ್ಟಿ ಬೆಳೆದಿದ್ದ ಅವನ ಪತ್ನಿ ಮಾರ್ಗರೀತಳು ವ್ಯವಹಾರವನ್ನು ನೋಡಿಕೊಂಡಳು. ೧೮೮೭ರಲ್ಲಿ ಆಕೆ ಮೃತಳಾದಾಗ ಆಕೆಯ ಆಸ್ತಿಯಲ್ಲಿ ಬಹುಭಾಗವು ನೌಕರರಿಗೂ ಒಂದು ಆಸ್ಪತ್ರೆಯ ಸ್ಥಾಪನೆಗೂ ಸಂದಿತು.

ದೂರದ ಜಿಲ್ಲೆಗಳ ಸ್ಥಿತಿವಂತ ಕುಟುಂಬಗಳು ಮದುವೆಯ ಜವಳಿಗೆಂದೂ ಮನೆಯ ಸಾಮಾನಿಗೆಂದೂ ರೈಲು ಹತ್ತಿ ಈ ಮಳಿಗೆಗೆ ಬರುತ್ತಿದ್ದುವು. ಒಂದು ದಿನದಲ್ಲಿ ಮುಗಿಯದ ವ್ಯಾಪಾರಕ್ಕೆ ಬಂದವರಿಗೆ ಎಡದಡದಲ್ಲಿ ಅಂತಸ್ತಿಗೆ ತಕ್ಕ ಬಿಡಾರವಿರಲಿಲ್ಲ. ಈ ಕೊರತೆಯನ್ನು ನೀಗಲು ಮಳಿಗೆಯ ಒಡೆಯರು ಅದರ ಎದುರಿಗಿರುವ ಉದ್ಯಾನದ ಆಚೆ ಬದಿಯಲ್ಲಿ ವಸತಿಗೃಹವನ್ನು ಕಟ್ಟಿಸಿದರು. ಲೂಯಿ ಇಪೊಲಿತ್ ಬ್ವಾಲೊ ಮತ್ತು ಆನ್ರಿ ತೋಜಾಂ ಎಂಬವರು ಶಿಲ್ಪಿಗಳು. ೧೯೧೦ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಅದರ ಬಾಗಿಲು ತೆರೆಯಿತು. ಬಿಳಿಯ ಕಲ್ಲಿನ ಮುಂಭಾಗವು ಅಲೆಯಂತೆ ಉಬ್ಬಿ ತಗ್ಗುವುದು. ಮೊಗಸಾಲೆಗಳ ಸುತ್ತ ಕಲ್ಲಿನಲ್ಲಿ ಕಡೆದ ದ್ರಾಕ್ಷಿಯ ಗೊಂಚಲುಗಳೂ ಎಲೆಬಳ್ಳಿಗಳೂ ಇಳಿಬಿದ್ದಿವೆ. ಬಳ್ಳಿಯ ಬಳುಕನ್ನು ಮೆಚ್ಚುತ್ತಿದ್ದ ಹಳೆಯ ಅಲಂಕಾರರೀತಿಯು ಹಿಂದೆ ಸರಿದು, ನೇರವಾದ ಗೆರೆಯನ್ನು ಮೆಚ್ಚುವ ಹೊಸ ರೀತಿಯು ತಲೆದೋರುತ್ತಿದ್ದ ಸಂಧಿಕಾಲದ ಗುರುತು ಈ ಕಟ್ಟಡದಲ್ಲಿ ಸ್ಪಷ್ಟವಾಗಿದೆ.

ನಾಲ್ಕು ವರ್ಷ ತುಂಬುವ ಮೊದಲೇ ಪ್ರಥಮ ಮಹಾಯುದ್ಧವು ಆರಂಭವಾಯಿತು. ಭವನದ ಒಂದು ಭಾಗವು ರೆಡ್ ಕ್ರಾಸ್ ಸಂಸ್ಥೆಯ ಆಸ್ಪತ್ರೆಯಾಗಿ ಗಾಯಾಳುಗಳಿಗೆ ಎಡೆ ಕೊಟ್ಟಿತು. ಯುದ್ಧಾನಂತರ ಮತ್ತೆ ಸಂಗೀತ, ಭೋಜನ, ನೃತ್ಯ. ಲೇಖಕರೂ ಕಲಾವಿದರೂ ಇಲ್ಲಿಯ ಭೋಜನಶಾಲೆಗೆ ಬರತೊಡಗಿದರು. ಐರಿಷ್ ಕಾದಂಬರಿಕಾರ ಜೇಮ್ಸ್ ಜಾಯ್ಸನು ೧೯೩೯ರ ಶರತ್ಕಾಲದಲ್ಲಿ ಇಲ್ಲಿ ಬಿಡಾರ ಮಾಡಿದ್ದನು.

ಅಷ್ಟರೊಳಗೆ ಬೇರೊಂದು ಬಗೆಯ ಜನರೂ ಇಲ್ಲಿಗೆ ಬಂದಿದ್ದರು. ೧೯೩೩ರಲ್ಲಿ ಹಿಟ್ಲರನು ಜರ್ಮನಿಯ ಅಧಿಕಾರವನ್ನು ಹಿಡಿದೊಡನೆ ಅನೇಕ ಜರ್ಮನ್ ಸಾಹಿತಿಗಳೂ ರಾಜಕಾರಣಿಗಳೂ ದೇಶಭ್ರಷ್ಟರಾಗಿ ಪ್ಯಾರಿಸ್ ಸೇರಿದರು. ಪಕ್ಷಭೇದವನ್ನು ಮರೆತು ಒಂದಾಗದಿದ್ದರೆ ಹಿಟ್ಲರನನ್ನು ಎದುರಿಸುವುದು ಅಸಾಧ್ಯವೆಂದರಿತ ಇವರು ೧೯೩೫ರಿಂದ ಲುಟೇಷಿಯಾದಲ್ಲಿ ಸಭೆ ಸೇರತೊಡಗಿದರು. ಪ್ರಸಿದ್ಧ ಕಾದಂಬರಿಕಾರ ಹೈನ್‌ರಿಖ್ ಮಾನ್ ಅಧ್ಯಕ್ಷನು. ವಿಲ್ಲಿ ಮ್ಯೂಂಜೆನ್‌ಬರ್ಗ್ ಸಂಘಟಕನು. ೧೯೩೬ನೆಯ ಫೆಬ್ರುವರಿ ೨ರ ಸಭೆಗೆ ನೂರಕ್ಕೂ ಮಿಕ್ಕು ಜನರು ಬಂದಿದ್ದರು. ಕಮ್ಯೂನಿಸ್ಟರಿಗೂ ಸಮಾಜವಾದಿ ಪ್ರಜಾಸತ್ತಾತ್ಮಕರಿಗೂ ಪರಸ್ಪರ ನಂಬಿಕೆಯಿಲ್ಲದೆ ಒಕ್ಕೂಟವು ಕೆಲಕಾಲದಲ್ಲಿಯೇ ಒಡೆದುಹೋಯಿತು. ಇದಾದ ನಾಲ್ಕು ವರ್ಷಗಳಿಗೆ, ಅವರು ಯಾರಿಂದ ತಲೆ ತಪ್ಪಿಸಿಕೊಂಡು ಬಂದಿದ್ದರೋ ಅವರೇ ಅದೇ ಬಾಗಿಲಿನಲ್ಲಿ ಒಳಹೊಕ್ಕರು.

೧೯೪೦ನೆಯ ಜೂನ್ ೧೪ರಂದು ಜರ್ಮನ್ ಸೈನ್ಯವು ಪ್ಯಾರಿಸ್ ನಗರವನ್ನು ಪ್ರವೇಶಿಸಿತು. ನಗರದ ಉತ್ತಮ ವಸತಿಗೃಹಗಳೆಲ್ಲ ಕೂಡಲೆ ಹಂಚಿಕೆಯಾದುವು. ಮಜೆಸ್ಟಿಕ್ ಸೈನಿಕ ಆಡಳಿತಕ್ಕೆ, ಮ್ಯೂರಿಸ್ ನಗರದ ದಂಡಾಧಿಕಾರಿಗೆ, ರಿಟ್ಸ್ ವಾಯುಪಡೆಯ ಅಧಿಕಾರಿಗಳಿಗೆ ಸಂದುವು. ಲುಟೇಷಿಯಾ ಮಾತ್ರ 'ಅಬ್ವೇರ್' ಎಂಬ ಸೈನಿಕ ಗೂಢಚಾರ ಇಲಾಖೆಯ ಪಾಲಾಯಿತು. ಈ ಇಲಾಖೆಯ ಮುಖ್ಯಸ್ಥನು ಅಡ್ಮಿರಲ್ ವಿಲ್‌ಹೆಲ್ಮ್ ಕನಾರಿಸ್. ಸ್ವಾತಂತ್ರ್ಯಕ್ಕಾಗಿ ಗುಟ್ಟಾಗಿ ಹೋರಾಡುತ್ತಿದ್ದ ಫ್ರೆಂಚರನ್ನು ಹುಡುಕಿ ಹಿಡಿಯುವುದು, ಅವರ ಗುಂಪುಗಳೊಳಗೆ ತನ್ನ ಬೇಹುಗಾರರನ್ನು ಸೇರಿಸುವುದು ಅದರ ಕೆಲಸ. ಊಟ ಬಡಿಸುತ್ತಿದ್ದವರು, ಹಾಸಿಗೆ ಹಾಸುತ್ತಿದ್ದವರು ಹಳೆಯ ಫ್ರೆಂಚ್ ನೌಕರರೇ. ಉತ್ತಮವಾದ ಹಳೆಯ ದ್ರಾಕ್ಷಾರಸದ ಸೀಸೆಗಳನ್ನು ನೆಲಮಾಳಿಗೆಯಲ್ಲಿಟ್ಟು ಅವರು ಗೋಡೆ ಎಬ್ಬಿಸಿ ಮುಚ್ಚಿದರೆಂದೂ, ನಾಲ್ಕು ವರ್ಷ ಅಲ್ಲಿದ್ದ ಗೂಢಚಾರರಿಗೆ ಕಾಲ ಕೆಳಗಿನ ಈ ಗುಟ್ಟು ಸಿಕ್ಕಲಿಲ್ಲವೆಂದೂ ಅಲ್ಲಿ ಒಂದು ಪ್ರತೀತಿಯುಂಟು.

ಆ ನಾಲ್ಕು ವರ್ಷಗಳಲ್ಲಿ ಹೊರಗೆ ನಡೆದುದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗದು. ೧೯೪೨ನೆಯ ಜುಲೈ ೧೬ ಮತ್ತು ೧೭ರಂದು ಪ್ಯಾರಿಸ್ ನಗರದಲ್ಲಿಯೂ ಅದರ ಸುತ್ತಲೂ ಸುಮಾರು ೧೩,೦೦೦ ಯೆಹೂದ್ಯರನ್ನು ಹಿಡಿಯಲಾಯಿತು; ಅವರಲ್ಲಿ ೪,೦೦೦ಕ್ಕೂ ಹೆಚ್ಚು ಮಂದಿ ಮಕ್ಕಳು. ಹಿಡಿದವರು ಫ್ರೆಂಚ್ ಪೋಲೀಸರು. ಯುದ್ಧಕಾಲದಲ್ಲಿ ಫ್ರಾನ್ಸ್ ದೇಶದಿಂದ ಸುಮಾರು ೭೬,೦೦೦ ಯೆಹೂದ್ಯರನ್ನು ಸರಕಿನ ರೈಲುಗಾಡಿಗಳಲ್ಲಿ ತುಂಬಿ ಪೂರ್ವದ ಮರಣಶಿಬಿರಗಳಿಗೆ ಸಾಗಿಸಿದರು. ಇವರಲ್ಲದೆ ಪ್ರತಿಭಟನೆಯಲ್ಲಿ ಸೇರಿದ್ದ ಸಹಸ್ರಾರು ಸ್ತ್ರೀಪುರುಷರೂ ಬೂಖೆನ್‌ವಾಲ್ಡ್, ರಾವೆನ್ಸ್‌ಬ್ರೂಕ್, ಮೌಟ್‌ಹೌಸೆನ್ ಮೊದಲಾದ ಯಾತನಾಶಿಬಿರಗಳ ಪಾಲಾದರು.

೧೯೪೪ನೆಯ ಆಗಸ್ಟ್ ೨೫ರಂದು ಪ್ಯಾರಿಸ್ ಬಿಡುಗಡೆ ಹೊಂದಿತು. ಮರುವರ್ಷದ ವಸಂತದಲ್ಲಿ ಮಿತ್ರಸೈನ್ಯಗಳು ಜರ್ಮನಿಯೊಳಗೆ ನುಗ್ಗಿ ಶಿಬಿರಗಳ ಬಾಗಿಲುಗಳನ್ನು ತೆರೆದಾಗ, ಮರಳಿ ಬರುವವರನ್ನು ಎಲ್ಲಿ ಇಳಿಸಬೇಕೆಂಬ ಪ್ರಶ್ನೆಯು ಎದುರಾಯಿತು. ಸೆರೆಸಿಕ್ಕ ಸೈನಿಕರಿಗಾಗಿ ಓರ್ಸೆ ರೈಲುನಿಲ್ದಾಣದಲ್ಲಿ ಏರ್ಪಾಟಾಗಿತ್ತು. ಆದರೆ ಶಿಬಿರಗಳಿಂದ ಬಂದವರ ಸ್ಥಿತಿಯನ್ನು ಕಂಡವರಿಗೆ, ಇವರನ್ನು ನಿಲ್ದಾಣದ ಜನಜಂಗುಳಿಯಲ್ಲಿ ಸಾಲಾಗಿ ನಿಲ್ಲಿಸುವುದು ಸಾಧ್ಯವಿಲ್ಲವೆಂದು ತಿಳಿಯಿತು. ಜನರಲ್ ದ ಗೋಲ್‌ರ ಸರ್ಕಾರವು ಲುಟೇಷಿಯಾವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಕನಾರಿಸನು ಅಷ್ಟರಲ್ಲಿ ತನ್ನ ಒಡೆಯನಿಗೇ ದ್ರೋಹಿಯೆಂದು ಎಣಿಸಲ್ಪಟ್ಟು, ಏಪ್ರಿಲ್ ೯ರಂದು ಫ್ಲೋಸೆನ್‌ಬ್ಯೂರ್ಗ್ ಯಾತನಾಶಿಬಿರದಲ್ಲಿ ಗಲ್ಲಿಗೇರಿದ್ದನು. ಅದೇ ತಿಂಗಳ ೨೬ರಂದು, ಅವನ ಇಲಾಖೆಯು ವಾಸವಾಗಿದ್ದ ಭವನವು ಅಂತಹ ಶಿಬಿರಗಳಿಂದ ಉಳಿದು ಬಂದವರಿಗೆ ತೆರೆಯಿತು.

ಪ್ಯಾರಿಸಿನ ಬಸ್ಸುಗಳು ರೈಲುನಿಲ್ದಾಣಗಳಿಂದಲೂ ವಿಮಾನನಿಲ್ದಾಣದಿಂದಲೂ ಇವರನ್ನು ತಂದು ಬಾಗಿಲಲ್ಲಿ ಇಳಿಸುತ್ತಿದ್ದುವು. ಹಲವರು ಇನ್ನೂ ಪಟ್ಟೆಪಟ್ಟೆಯ ಸೆರೆಯುಡುಪಿನಲ್ಲಿಯೇ ಇದ್ದರು. ಹೇನಿನಿಂದ ಹರಡುವ ಟೈಫಸ್ ಜ್ವರದ ಭಯದಿಂದ ಮೊದಲು ಎಲ್ಲರಿಗೂ ಡಿ.ಡಿ.ಟಿ. ಪುಡಿಯನ್ನು ಎರಚುತ್ತಿದ್ದರು. ಬಳಿಕ ವೈದ್ಯರ ಪರೀಕ್ಷೆ. ಅನಂತರ ಅಧಿಕಾರಿಗಳ ವಿಚಾರಣೆ. ಏಕೆಂದರೆ ಶತ್ರುವಿನೊಡನೆ ಕೈಜೋಡಿಸಿದ್ದ ಕೆಲವರು ತಾವೂ ಶಿಬಿರದಿಂದ ಬಂದವರೆಂದು ಹೇಳಿಕೊಂಡು ಈ ಜನರ ನಡುವೆ ನುಸುಳಲು ಯತ್ನಿಸುತ್ತಿದ್ದರು. ಎಲ್ಲ ಮುಗಿದ ಮೇಲೆ ಒಂದು ಗುರುತಿನ ಚೀಟಿ, ಸ್ವಲ್ಪ ಹಣ, ಉಡಲು ಬಟ್ಟೆ, ಮೇಲಂತಸ್ತಿನಲ್ಲಿ ಒಂದು ಹಾಸಿಗೆ. ವೈದ್ಯರು, ದಾದಿಯರು, ಸಮಾಜಸೇವಕರು, ಬಾಲಚರರು, ಅಡಿಗೆಯವರು ಹಗಲಿರುಳೆನ್ನದೆ ದುಡಿದರು. ಬಾಗಿಲಲ್ಲಿ ಯಾರೂ ಹಣ ಕೇಳಲಿಲ್ಲ. ಹೊರಡುವಾಗ ಲೆಕ್ಕದ ಚೀಟಿ ಬರಲಿಲ್ಲ.

ಹೀಗಿದ್ದರೂ ಅಲ್ಲಿ ತಂಗುವುದು ಬಂದವರಿಗೆ ಸುಲಭವಾಗಿರಲಿಲ್ಲ. ದೇಶವೆಲ್ಲ ಚೀಟಿಯ ಪಡಿಯಿಂದ ಬದುಕುತ್ತಿದ್ದಾಗ ಇವರಿಗೆ ಮಾಂಸ, ಬೆಣ್ಣೆ, ಬಿಳಿಯ ರೊಟ್ಟಿ ಇವುಗಳನ್ನು ಒದಗಿಸಲಾಗುತ್ತಿತ್ತು. ವರ್ಷಗಟ್ಟಲೆ ಹಸಿದ ಹೊಟ್ಟೆಗೆ ಅದೇ ಅಪಾಯವಾಗಬಹುದೆಂದು ವೈದ್ಯರು ಕಾವಲಿರಬೇಕಾಯಿತು. ಹಂಸತೂಲಿಕಾತಲ್ಪದಂತಹ ಹಾಸಿಗೆಯ ಮೇಲೆ ನಿದ್ರೆ ಬಾರದೆ ಅನೇಕರು ಕೆಳಗಿಳಿದು ನೆಲದ ಮೇಲೆ ಮಲಗಿದರೆಂದು ಬದುಕಿ ಬಂದವರು ಮತ್ತೆ ಮತ್ತೆ ಹೇಳಿದ್ದಾರೆ. ಮರದ ಹಲಗೆಯ ಮೇಲೆ ಒತ್ತೊತ್ತಾಗಿ ಮಲಗಿ ಒಗ್ಗಿದ್ದ ಮೈಗೆ ಮೃದುತ್ವವೇ ಪರಕೀಯವಾಗಿತ್ತು. ಮನೆಯುಳ್ಳವರು ಒಂದೆರಡು ದಿನಗಳಲ್ಲಿ ಹೊರಟುಹೋದರು. ಮನೆಯೂ ಮನೆಯವರೂ ಇಲ್ಲವಾಗಿದ್ದವರು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ವಾರಗಟ್ಟಲೆ ಉಳಿದರು.

ಇವರಿಗಿಂತಲೂ ಹೆಚ್ಚು ಜನರು ಹೊರಗೆ ನಿಂತಿದ್ದರು. ಮಗನಿಗಾಗಿ, ಗಂಡನಿಗಾಗಿ, ಅಕ್ಕನಿಗಾಗಿ ಕಾಯುವವರು ಪ್ರತಿದಿನವೂ ರಾಸ್ಪಾಯ್ ಮಾರ್ಗದಲ್ಲಿ ನೆರೆಯುತ್ತಿದ್ದರು. ಚುನಾವಣೆಯ ಕಾಲದಲ್ಲಿ ಪ್ರಕಟಣೆ ಅಂಟಿಸುವ ಹಲಗೆಗಳನ್ನು ತಂದು ಅಲ್ಲಿ ನಿಲ್ಲಿಸಿದ್ದರು. ಅವುಗಳ ತುಂಬ ಭಾವಚಿತ್ರಗಳು. ಪ್ರತಿಯೊಂದರ ಕೆಳಗೂ ಹೆಸರು, ವಯಸ್ಸು, ಹಿಡಿದೊಯ್ದ ದಿನ, ಇವರನ್ನು ಕಂಡಿರುವಿರಾ ಎಂಬ ಪ್ರಶ್ನೆ. ಬಸ್ಸಿನಿಂದ ಇಳಿದವರ ಮುಖದೆದುರು ಚಿತ್ರಗಳನ್ನು ಹಿಡಿದು ಕೇಳುವವರೂ ಇದ್ದರು. ಚಿತ್ರದಲ್ಲಿದ್ದುದು ಮದುವೆಯ ದಿನದ ಅಥವಾ ಹಬ್ಬದ ದಿನದ ಮುಖ, ತುಂಬಿದ ಕೆನ್ನೆ, ಬಾಚಿದ ಕೂದಲು. ತಲೆ ಬೋಳಿಸಿಕೊಂಡು ಎಲುಬು ತೊಗಲಾಗಿದ್ದವರ ನಡುವೆ ಬದುಕಿ ಬಂದವರಿಗೆ ಆ ಮುಖದ ಗುರುತು ಹತ್ತುವುದೆಂತು? ಮಕ್ಕಳ ಚಿತ್ರಗಳನ್ನು ಕಂಡಾಗಲಂತೂ ಉತ್ತರ ಗೊತ್ತಿದ್ದರೂ ಬಾಯಿ ಬರುತ್ತಿರಲಿಲ್ಲ. ಆಶ್ವಿಟ್ಜಿಗೆ ಹೋದ ಎಳೆಯ ಮಕ್ಕಳನ್ನು ರೈಲಿನಿಂದ ಇಳಿದ ದಿನವೇ ಕೊಲ್ಲುತ್ತಿದ್ದರೆಂಬುದು ಬಂದವರಿಗೆ ತಿಳಿದಿತ್ತು, ಕಾಯುತ್ತಿದ್ದವರಿಗೆ ಇನ್ನೂ ತಿಳಿದಿರಲಿಲ್ಲ.

ಈ ಭವನದಲ್ಲಿ ಬಂದವರ ವಸತಿಯ ಮೇಲ್ವಿಚಾರಣೆಯನ್ನು ಹೊತ್ತವಳು ಸಬೀನ್ ಜ್ಲಾತಿನ್ ಎಂಬ ಮಹಿಳೆ. ೧೯೦೭ರಲ್ಲಿ ವಾರ್ಸಾದಲ್ಲಿ ಹುಟ್ಟಿದ ಈಕೆ ಯೆಹೂದ್ಯಳು, ಶುಶ್ರೂಷೆಯಲ್ಲಿ ಶಿಕ್ಷಣ ಪಡೆದವಳು. ಯುದ್ಧಕಾಲದಲ್ಲಿ ತನ್ನ ಪತಿ ಮಿರೋನನೊಡನೆ ಇಜ್ಯೂ ಎಂಬ ಬೆಟ್ಟದ ಹಳ್ಳಿಯಲ್ಲಿ ತಬ್ಬಲಿ ಮಕ್ಕಳಿಗೆ ಆಶ್ರಯವನ್ನು ನಡೆಸುತ್ತಿದ್ದಳು. ೧೯೪೪ನೆಯ ಏಪ್ರಿಲ್ ೬ರಂದು, ಮಕ್ಕಳಿಗೆ ಬೇರೆ ನೆಲೆಯನ್ನು ಹುಡುಕಲು ಆಕೆ ಮೋಂಪೆಲಿಯೆ ಪಟ್ಟಣಕ್ಕೆ ಹೋಗಿದ್ದಾಗ, ಕ್ಲಾಸ್ ಬಾರ್ಬಿಯ ಆಜ್ಞೆಯಂತೆ ಜರ್ಮನರು ಬಂದು ೪೪ ಮಕ್ಕಳನ್ನೂ ೭ ಮಂದಿ ಹಿರಿಯರನ್ನೂ ಹಿಡಿದೊಯ್ದರು. ಮಕ್ಕಳಲ್ಲಿ ಒಬ್ಬರೂ ಹಿಂದಿರುಗಲಿಲ್ಲ. ಮಿರೋನನನ್ನೂ ದೊಡ್ಡ ಹುಡುಗರಿಬ್ಬರನ್ನೂ ಎಸ್ಟೋನಿಯಾ ದೇಶದಲ್ಲಿ ಗುಂಡಿಕ್ಕಿ ಕೊಂದರು. ಹಿರಿಯರಲ್ಲಿ ಒಬ್ಬಳು ಮಾತ್ರ ಬದುಕಿ ಬಂದಳು. ಹೀಗೆ ತನ್ನವರೆಲ್ಲರನ್ನೂ ಕಳೆದುಕೊಂಡ ಸ್ತ್ರೀಯು ಕೇಂದ್ರವು ಮುಚ್ಚುವವರೆಗೂ ಪರರ ಮಕ್ಕಳಿಗೆ ಹಾಸಿಗೆ ಒದಗಿಸುತ್ತ, ಅವರ ಊಟ ಉಡುಪುಗಳನ್ನು ವಿಚಾರಿಸುತ್ತ ನಿಂತಳು. ೧೯೮೭ರಲ್ಲಿ ಬಾರ್ಬಿಯ ವಿಚಾರಣೆ ನಡೆದಾಗ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದು, ೧೯೯೬ರಲ್ಲಿ ಕಾಲವಶಳಾದಳು.

೧೯೪೫ನೆಯ ಬೇಸಗೆಯ ಅಂತ್ಯದಲ್ಲಿ ಕೇಂದ್ರವು ಮುಚ್ಚುವಷ್ಟರಲ್ಲಿ ಹದಿನೆಂಟರಿಂದ ಇಪ್ಪತ್ತು ಸಾವಿರದಷ್ಟು ಜನರು ಲುಟೇಷಿಯಾದ ಬಾಗಿಲನ್ನು ಹಾದುಹೋಗಿದ್ದರು. ಮುಂದೆ ಸುಪ್ರಸಿದ್ಧ ಗಾಯಕಿಯಾದ ಜೂಲಿಯೆತ್ ಗ್ರೆಕೋ, ರಾವೆನ್ಸ್‌ಬ್ರೂಕಿನಿಂದ ಬಂದ ತಾಯಿಯನ್ನೂ ಅಕ್ಕನನ್ನೂ ಇಲ್ಲಿಯೇ ಕಂಡಳು. ಆಗ ಆಕೆಗೆ ಹದಿನೆಂಟು ವರ್ಷ. ಮುಂದೆ ಫ್ರಾನ್ಸಿನ ಮಂತ್ರಿಣಿಯಾಗಿ, ೧೯೭೯ರಲ್ಲಿ ಐರೋಪ್ಯ ಪಾರ್ಲಿಮೆಂಟಿನ ಅಧ್ಯಕ್ಷೆಯಾದ ಸಿಮೋನ್ ವೇಲ್ ತನ್ನ ಅಕ್ಕನೊಡನೆ ಈ ದಾರಿಯಾಗಿಯೇ ದೇಶಕ್ಕೆ ಮರಳಿದಳು. ತಂದೆ, ತಾಯಿ, ಅಣ್ಣ ಈ ಮೂವರೂ ಹಿಂದಿರುಗಲಿಲ್ಲ. ಪ್ರತಿಭಟನೆಯ ವೀರರ ಕಥೆಯನ್ನು ಕೇಳಲು ಆಗ ದೇಶವೆಲ್ಲ ಕಾತರವಾಗಿತ್ತು. ಯೆಹೂದ್ಯರೆಂಬ ಒಂದೇ ಕಾರಣಕ್ಕಾಗಿ ಒಯ್ಯಲ್ಪಟ್ಟವರ ಮಾತನ್ನು ಕೇಳುವ ಕಿವಿಗಳು ವಿರಳವಾಗಿದ್ದುವೆಂದು ಆಕೆಯೇ ಹೇಳಿದ್ದುಂಟು. ಒಯ್ದ ೭೬,೦೦೦ ಯೆಹೂದ್ಯರಲ್ಲಿ ಬದುಕಿ ಬಂದವರು ಸುಮಾರು ೨,೫೦೦ ಮಂದಿ ಮಾತ್ರ. ಅವರನ್ನು ಹಿಡಿದುಕೊಡುವುದರಲ್ಲಿ ಫ್ರೆಂಚ್ ರಾಜ್ಯಕ್ಕಿದ್ದ ಹೊಣೆಯನ್ನು ರಾಷ್ಟ್ರಾಧ್ಯಕ್ಷನು ಬಹಿರಂಗವಾಗಿ ಒಪ್ಪಿಕೊಂಡುದು ೧೯೯೫ರಲ್ಲಿ, ಅರ್ಧ ಶತಮಾನ ಕಳೆದ ಬಳಿಕ. ಒಂದು ಬೇಸಗೆಯ ಆತಿಥ್ಯವು ಈ ಸಾಲವನ್ನು ತೀರಿಸಿತೆಂದು ಯಾರೂ ಹೇಳಲಾರರು.

ಅನಂತರ ಲುಟೇಷಿಯಾ ಮತ್ತೆ ಧನಿಕರ ವಸತಿಗೃಹವಾಯಿತು. ೧೯೫೫ರಲ್ಲಿ ಬೋಂ ಮಾರ್ಶೆಯ ಕೈಬಿಟ್ಟು ತೇತಾಂಜೆ ಮನೆತನಕ್ಕೆ ಸೇರಿತು. ೨೦೧೦ರಲ್ಲಿ ಮತ್ತೆ ಕೈ ಬದಲಾಯಿತು. ೨೦೧೪ರಲ್ಲಿ ಜೀರ್ಣೋದ್ಧಾರಕ್ಕಾಗಿ ಮುಚ್ಚಿ ೨೦೧೮ರಲ್ಲಿ ತೆರೆಯಿತು. ಆ ಕೆಲಸದಲ್ಲಿ ಪಾನಶಾಲೆಯ ಗೋಡೆಯ ಬಣ್ಣವನ್ನು ಪದರ ಪದರವಾಗಿ ಕೆರೆದಾಗ, ೧೯೧೦ರ ಸುಮಾರಿನಲ್ಲಿ ಬರೆದು ಮರೆಯಾಗಿಹೋಗಿದ್ದ ಭಿತ್ತಿಚಿತ್ರವು ಹೊರಬಿದ್ದಿತು. ಅದನ್ನು ಸರಿಪಡಿಸಲು ಕೆಲಸಗಾರರಿಗೆ ಸುಮಾರು ೧೭,೦೦೦ ಗಂಟೆಗಳು ಹಿಡಿದುವು. ೧೯೪೫ರ ನೆನಪನ್ನು ಉಳಿಸಿರುವುದಾದರೋ ಹೊರಗೋಡೆಯ ಒಂದು ಫಲಕ. ೧೯೮೫ರಲ್ಲಿ ಹಾಕಿದ ಆ ಫಲಕವು, ಶಿಬಿರಗಳಿಂದ ಉಳಿದು ಬಂದವರಲ್ಲಿ ಬಹುಮಂದಿ ಇಲ್ಲಿ ಇಳಿದರೆಂಬುದನ್ನೂ, ಕಾದವರಲ್ಲಿ ಅನೇಕರ ಕಾಯುವಿಕೆ ವ್ಯರ್ಥವಾಯಿತೆಂಬುದನ್ನೂ ದಾರಿಹೋಕರಿಗೆ ತಿಳಿಸುತ್ತದೆ.

ಬರುವ ದಿನವನ್ನು ಮುಂದಾಗಿ ತಿಳಿಸದೆ, ತಿಥಿಯ ನಿಯಮವಿಲ್ಲದೆ ಬಾಗಿಲಿಗೆ ಬಂದವನೇ ಅತಿಥಿಯೆಂದು ನಮ್ಮ ಹಿರಿಯರು ಆ ಶಬ್ದಕ್ಕೆ ಅರ್ಥ ಹೇಳುತ್ತಾರೆ. ಆ ಅರ್ಥದಿಂದ ನೋಡಿದರೆ, ಮೊದಲೇ ಕೋಣೆಯನ್ನು ಗೊತ್ತುಮಾಡಿಕೊಂಡು ಬಂದವರು ಗಿರಾಕಿಗಳು. ಬಂದೂಕು ಹಿಡಿದು ಬಂದವರು ಆಕ್ರಮಿಸಿದವರು. ಆ ಭವನಕ್ಕೆ ಅತಿಥಿಗಳು ಬಂದುದು ೧೯೪೫ನೆಯ ಏಪ್ರಿಲಿನಿಂದ ಆಗಸ್ಟಿನವರೆಗೆ. ಅವರು ಬರುವರೋ ಇಲ್ಲವೋ, ಬಂದರೆ ಎಂದು ಬರುವರು ಎಂಬುದು ಯಾರಿಗೂ ತಿಳಿದಿರಲಿಲ್ಲ. ಅಂಥವರಿಗಾಗಿ ಒಂದು ನಗರವು ತನ್ನಲ್ಲಿದ್ದ ಉತ್ತಮವಾದ ಹಾಸಿಗೆಯನ್ನು ಹಾಸಿತು. ಅವರಲ್ಲಿ ಎಷ್ಟೋ ಮಂದಿ ಅದರ ಪಕ್ಕದ ನೆಲದ ಮೇಲೆ ಮಲಗಿ ಬೆಳಗು ಮಾಡಿದರು.